ಸುತ್ತೋಲೆಯಲ್ಲಿ ಬರೆದ ಅಶಾರ್

ನಮ್ಮ ಜಿಲ್ಲೆಯ ಬೆಟ್ಟದೂರು ಕೊಕ್-ಬುಲಾಕಿನ ಹೊಸ ಶಾಲೆಗೆ ಗೋಡೆ ಎದ್ದಿತ್ತು, ಛಾವಣಿ ಏರಿರಲಿಲ್ಲ. ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಛಾವಣಿ ಏರುವ ಮೊದಲೇ ಹಿಮ ಬಿದ್ದರೆ ಮಕ್ಕಳು ಇನ್ನೊಂದು ಚಳಿಗಾಲವನ್ನೂ ಹಳೆಯ ಕ್ಲಬ್ಬಿನ ಕಟ್ಟಡದಲ್ಲಿ, ಕೋಟು ಬಿಚ್ಚದೆ ಕಳೆಯಬೇಕಿತ್ತು.

ಕೆಲಸ ನಿಂತದ್ದು ಒಂದು ಕಿಂಡಿಯಿಂದ. ಗೋಡೆ ಕಟ್ಟಿದ ಎಸೆನ್‌ಕುಲ್, ಕೋಣೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗೆ ದಾರಿ ಬಿಟ್ಟಿರಲಿಲ್ಲ. ಕೊಳವೆ ಹಾಕುವ ತುರ್ದುಬೆಕ್ ನೋಡಿದವನೇ ಗೋಡೆ ಕೊರೆಯುತ್ತೇನೆಂದು ಜಗಳ ತೆಗೆದು, ಸಾಮಾನು ಎತ್ತಿಕೊಂಡು ಹೊರಟುಹೋದ. ಕೊಳವೆ ಹಾಯದೆ ಛಾವಣಿ ಮುಚ್ಚುವಂತಿರಲಿಲ್ಲ.

ಒಂದು ಕಟ್ಟಡದ ಗುತ್ತಿಗೆದಾರರೆಲ್ಲ ಒಟ್ಟಿಗೆ ಕೂತು ಒಂದೇ ನಕ್ಷೆಗೆ ಸಹಿ ಹಾಕಬೇಕೆಂದು ಸರ್ಕಾರ ಆಗಷ್ಟೇ ಆದೇಶ ಹೊರಡಿಸಿತ್ತು. ನಮ್ಮ ಜಿಲ್ಲೆಯಲ್ಲಿ ಅದನ್ನು ನಡೆಸುವ ಹೊಣೆ ಕಟ್ಟಡ ಕಚೇರಿಯ ಸಯ್ರಕುಲ್ ಅಕ್ಕನದು. ಕುರಿ ಕಾಯುವವರ ಮಗಳು. ಇಪ್ಪತ್ತೆರಡು ವರ್ಷಗಳಿಂದ ಅದೇ ಮೇಜು. ನನ್ನ ಮೇಜು ಅವರ ಪಕ್ಕದ್ದು. ಅಕ್ಕ ಎರಡು ಸಲ 'ಸಮನ್ವಯ ಸಭೆ' ಕರೆದರು. ಯಾರೂ ಬರಲಿಲ್ಲ. ಮೂರನೆಯ ಸಲ ಆ ಪದ ಹೊಡೆದುಹಾಕಿ, 'ಶನಿವಾರ ಶಾಲೆಯ ಬಳಿ ಅಶಾರ್' ಎಂದು ಬರೆದರು.

ಅಶಾರ್ ಎಂದರೆ ಮುಯ್ಯಾಳು. ಒಬ್ಬರ ಮನೆ ಏಳುವಾಗ ಊರೇ ಬಂದು ಕೂಲಿಯಿಲ್ಲದೆ ಮಣ್ಣು ಕಲಸುತ್ತದೆ. ಕರೆದಾಗ ಬಾರದವನ ಮನೆಗೆ ನಾಳೆ ಯಾರೂ ಹೋಗುವುದಿಲ್ಲ.

ಯಾರೋ ಆ ಸುತ್ತೋಲೆಯನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದರು. ಶನಿವಾರ ನೋಡಿದರೆ ಅರವತ್ತು ಜನ, ಕೈಯಲ್ಲಿ ಸಲಿಕೆ. ಒಲೆಯ ಮೇಲೆ ಕುರಿಮಾಂಸದ ಕಡಾಯಿ.

"ಅಯ್ಯೋ, ನಾನು ಕರೆದಿದ್ದು ಇಬ್ಬರನ್ನ!" ಎಂದರು ಅಕ್ಕ.

ಕಡಾಯಿಯ ಮುಂದಿದ್ದ ಬುರ್ಮಾ ಅಜ್ಜಿ ನಕ್ಕಳು. "ಅಶಾರ್ ಅಂತ ಬರೆದು ಇಬ್ಬರನ್ನ ಕರೀತಾರೇನೇ? ಓದಿದವಳಿಗೆ ಅಷ್ಟೂ ಗೊತ್ತಾಗಲ್ವಾ?"

ಊರೇ ನೆರೆದಿರುವಾಗ ಗುತ್ತಿಗೆದಾರರಿಬ್ಬರಿಗೂ ಬಾರದೆ ವಿಧಿಯಿರಲಿಲ್ಲ.

"ಏನ್ ತಂಗಿ, ಸರ್ಕಾರ ಪುಕ್ಕಟೆ ಕೆಲಸಕ್ಕೆ ಇಳೀತಾ?" ಎಂದ ಎಸೆನ್‌ಕುಲ್.

"ಕೂಲಿ ಇದ್ದೇ ಇದೆ ಅಣ್ಣ. ಪುಕ್ಕಟೆ ಕೇಳ್ತಿರೋದು ನಿಮ್ಮ ಮಾತು ಮಾತ್ರ. ಎದುರುಬದುರು ಕೂತ್ಕೊಳ್ಳಿ."

"ಇವನ ಜೊತೆನಾ? ಗೋಡೆಗೆ ಬಾಗಿಲು ಬಿಡೋದನ್ನೂ ಮರೆಯೋನು ಇವನು!" ಎಂದ ತುರ್ದುಬೆಕ್.

"ಭೂಕಂಪ ತಡೆಯೋ ಕಾಂಕ್ರೀಟ್ ಪಟ್ಟಿನೇ ಕೊರೀತೀನಿ ಅಂದ್ಯಲ್ಲೋ, ನಿನಗಿಂತ ವಾಸಿ!" ಎಂದ ಎಸೆನ್‌ಕುಲ್.

ಅಜ್ಜಿ ಸೌಟಿನಿಂದ ಕಡಾಯಿಗೆ ಬಡಿದಳು. "ಜಗಳ ಮುಗಿಯೋ ತನಕ ಇಬ್ಬರಿಗೂ ಊಟ ಇಲ್ಲ."

ಅಕ್ಕ ಇಬ್ಬರ ನಕ್ಷೆಗಳನ್ನೂ ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದರು. ಕೊಳವೆಯ ಗೆರೆ ಸರಿಯಾಗಿ ಆ ಪಟ್ಟಿಯ ಮೇಲೇ ಹಾದಿತ್ತು. ಇಬ್ಬರೂ ತಮ್ಮ ತಮ್ಮ ಹಾಳೆಯಲ್ಲಿ ಸರಿಯಾಗಿಯೇ ಇದ್ದರು. ತುರ್ದುಬೆಕ್ ಪಟ್ಟಿಯ ಕೆಳಗೆ ಬೆರಳಿಟ್ಟ.

"ಎರಡು ಗೇಣು ಕೆಳಗಿಳಿಸಿದ್ರೆ?"

"ಅಲ್ಲಿ ಬರೀ ಇಟ್ಟಿಗೆ. ನಾನೇ ಕೊರೆದು ಕೊಡ್ತೀನಿ ಬಾ."

ಹೊಸ ಗೆರೆ ಎಳೆದು ಇಬ್ಬರೂ ಒಂದೇ ಹಾಳೆಗೆ ಸಹಿ ಹಾಕಿದರು. ಸಲಿಕೆ ತಂದವರು ಸುಮ್ಮನೆ ಮರಳಲಿಲ್ಲ. ಅಂಗಳದ ಕೊಳವೆಗೆ ಕಾಲುವೆ ತೋಡಿಯೇ ಉಂಡರು.

ಮೊದಲ ಹಿಮ ಬಿದ್ದ ದಿನ ಅಕ್ಕನ ಜೊತೆ ನಾನೂ ಶಾಲೆಗೆ ಹೋಗಿದ್ದೆ. ಮಕ್ಕಳ ಕೋಟುಗಳು ಗೋಡೆಯ ಮೊಳೆಗಳಲ್ಲಿ ಸಾಲಾಗಿ ನೇತಾಡುತ್ತಿದ್ದವು. ಅಕ್ಕ ಕೊಳವೆಯ ಮೇಲೆ ಅಂಗೈ ಇಟ್ಟು, ಬಿಸಿ ತಾಳಲಾರದೆ ತೆಗೆದು, ಮತ್ತೆ ಇಟ್ಟರು.

ಈಗ ನಮ್ಮ ಜಿಲ್ಲೆಯ ಸುತ್ತೋಲೆಗಳೆಲ್ಲ ಅಶಾರಿಗೇ ಕರೆಯುತ್ತವೆ. 'ಗುತ್ತಿಗೆದಾರರು ಮಾತ್ರ' ಎಂದು ಅಕ್ಕ ಕೆಳಗೊಂದು ಸಾಲು ಸೇರಿಸುತ್ತಾರೆ. ಕಡಾಯಿ ಮಾತ್ರ ಪ್ರತಿ ಸಲವೂ ಬರುತ್ತದೆ.