ನಿಲ್ಲದ ಯಂತ್ರದ ಊರಿನಲ್ಲಿ

ಬೆಳಗಿನಿಂದ ಊಟದ ಹೊತ್ತಿನವರೆಗೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಬಳ್ಳಾರಿಯ ಕಾರ್ಖಾನೆಯಲ್ಲಿ ನನ್ನ ಮೊದಲ ದಿನ ಅದು, ನನಗೆ ಗಾಬರಿಯಾಯಿತು. ಮೈಸೂರಿನಲ್ಲಿ ಇಂಥದೇ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತವಳು ನಾನು. ಅದು ಆಗಾಗ ಕೂಗಿ ನಿಲ್ಲುವುದು, ನಾವು ಗೊಣಗುತ್ತ ಎದ್ದು ಹೋಗಿ ನೋಡುವುದು ಅಲ್ಲಿ ವಾಡಿಕೆ. ಇಲ್ಲಿ ಯಾರೂ ಕುರ್ಚಿ ಬಿಟ್ಟು ಏಳಲೇ ಇಲ್ಲ.

ಕಾರ್ಖಾನೆ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಎಳ್ಳಿನಷ್ಟು ಸಣ್ಣ ಬಿಡಿಭಾಗಗಳನ್ನು ಈ ಯಂತ್ರ ಗಾಳಿಯಿಂದ ಹೀರಿ ಎತ್ತಿ, ಕ್ಯಾಮೆರಾಕ್ಕೆ ತೋರಿಸಿ, ಹಸಿರು ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರಿಸುತ್ತದೆ. ಪ್ರತಿ ಭಾಗದ ಉದ್ದ, ಅಗಲ, ದಪ್ಪ ಎಷ್ಟು, ಎಷ್ಟು ಸೊಟ್ಟಗಿದ್ದರೆ ಒಪ್ಪಬಹುದು ಎಂಬ ವಿವರವನ್ನು ಅದಕ್ಕೆ ಮೊದಲೇ ತುಂಬಿಡಬೇಕು. ಅದೇ ನನ್ನ ಕೆಲಸ. ವಿವರಕ್ಕೆ ಹೊಂದದ ಭಾಗ ಬಂದರೆ ಯಂತ್ರ ಎಸೆಯುತ್ತದೆ, ಎಸೆದದ್ದು ಹೆಚ್ಚಾದರೆ ನಿಲ್ಲುತ್ತದೆ. ಬಳ್ಳಾರಿಯವರು ಒಂದೇ ಭಾಗದ ವಿವರವನ್ನು ನಕಲು ಮಾಡಿ, ಹೆಸರು ಬದಲಿಸಿ, ಎಲ್ಲಕ್ಕೂ ಹಚ್ಚಿದ್ದರು. ಅಳತೆಗೂ ಸೊಟ್ಟಗಿರುವುದಕ್ಕೂ ಮಿತಿಯೇ ಇರಲಿಲ್ಲ. ಹಾಗಾಗಿ ಯಂತ್ರ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಒಪ್ಪುತ್ತಿತ್ತು.

ಆ ಬೋರ್ಡುಗಳು ಸಿರುಗುಪ್ಪದ ಗದ್ದೆಗಳ ಪಂಪ್‌ಸೆಟ್ ಸ್ಟಾರ್ಟರುಗಳಿಗೆ ಹೋಗುತ್ತವೆ. ಬಿಸಿಲೇರಿದಾಗ ಸೊಟ್ಟ ಭಾಗಗಳ ಬೆಸುಗೆ ಬಿಟ್ಟು ಕೆಟ್ಟು, ಗೋಣಿಚೀಲದಲ್ಲಿ ವಾಪಸಾಗುತ್ತವೆ. ಕರೆಂಟು ಸರಿಯಿಲ್ಲ ಎಂದು ಎಲ್ಲರೂ ಒಂದೇ ರಾಗ ಹಾಡುತ್ತಿದ್ದರು. ಮೈಸೂರಿನ ಘಟಕ ಮುಚ್ಚಿ ಖಾಲಿ ಕೂತಿದ್ದ ನನ್ನನ್ನು ಮಾಲೀಕರು ಕರೆಸಿದ್ದು ಈ ಚೀಲಗಳಿಗಾಗಿಯೇ. ಅವು ಬರುವುದು ನಿಂತರೆ ಕೆಲಸ ಕಾಯಂ, ಇಲ್ಲದಿದ್ದರೆ ಊರಿಗೆ ದಾರಿ ಎಂದಿದ್ದರು.

ಬಳ್ಳಾರಿ ನನಗೆ ಹಿಡಿಸಲಿಲ್ಲ. ಬಳ್ಳಾರಿಗೂ ನಾನು ಹಿಡಿಸಲಿಲ್ಲ. ಸತ್ಯನಾರಾಯಣಪೇಟೆಯಲ್ಲಿ ಮಹಡಿಯ ಮೇಲೊಂದು ಕೋಣೆ ಸಿಕ್ಕಿತು. ಮನೆಯೊಡತಿ ಹೆಸರು ಕೇಳುವ ಮೊದಲು ಮೊಟ್ಟೆ ತಿನ್ನುತ್ತೀರಾ ಎಂದು ಕೇಳಿದರು, ನಾನು ಇಲ್ಲವೆಂದರೂ ನಂಬಲಿಲ್ಲ. ನಮ್ಮಲ್ಲಿ ಒಗ್ಗರಣೆಯೆಂದರೆ ಸಾಸಿವೆ, ಕರಿಬೇವು. ಇಲ್ಲಿ ಒಗ್ಗರಣಿಯೆಂದರೆ ನೆನೆಸಿದ ಮಂಡಕ್ಕಿಯ ತಿಂಡಿ, ಜೊತೆಗೆ ಕಣ್ಣಲ್ಲಿ ನೀರು ತರಿಸುವ ಮಿರ್ಚಿ. ಮೊದಲ ತುತ್ತಿಗೆ ನಾನು ಕೆಮ್ಮಿದ್ದನ್ನು ನೋಡಿ ಹೋಟೆಲಿನವರೆಲ್ಲ ನಕ್ಕರು. ಒಬ್ಬರೂ ನೀರು ಕೊಡಲಿಲ್ಲ.

ನಾನು ವಿವರಗಳನ್ನು ಒಂದೊಂದಾಗಿ ತಿದ್ದತೊಡಗಿದೆ. ಭಾಗವನ್ನು ಅಳೆಯುವುದು, ತುಂಬುವುದು, ಮಿತಿ ಬಿಗಿ ಮಾಡುವುದು. ಯಂತ್ರ ನಿಲ್ಲತೊಡಗಿತು. ಹೀರುವ ಮೂತಿಗಳಲ್ಲಿ ಕೊಳೆ ಕಟ್ಟಿದ್ದರಿಂದ ಭಾಗಗಳು ಓರೆಯಾಗಿ ಬರುತ್ತಿದ್ದವು. ದಿನಾ ಅವನ್ನು ತೊಳೆಯಬೇಕೆಂದೆ. ಆವತ್ತಿನಿಂದ ನನ್ನೊಂದಿಗೆ ಕೆಲಸದವರ ಮಾತು ಬಂದ್. ನಾನು ಹತ್ತಿರ ಹೋದರೆ ತೆಲುಗಿಗೆ ಜಾರುತ್ತಿದ್ದರು. "ಈಮೆಕಿ ಪನಿ ಲೇದು", ಅಂದರೆ ಇವಳಿಗೆ ಬೇರೆ ಕೆಲಸವಿಲ್ಲ. ನನಗೆ ಅರ್ಥವಾದ ಮೊದಲ ತೆಲುಗು ವಾಕ್ಯ ಅದು. ಅರ್ಥವಾಯಿತೆಂದು ಹೆಮ್ಮೆಯೂ ಆಯಿತು, ಸಿಟ್ಟೂ ಬಂತು.

ಲೈನಿನ ಮೇಲ್ವಿಚಾರಕ ಎರ್ರಿಸ್ವಾಮಿ ಕುರುಗೋಡಿನವರು. "ಮಿಷಿನ್ ಓಡ್ಲಿ ಅಂತ ತಂದೀವ್ರಿ. ನಿಲ್ಸೋದಾದ್ರ ನಿಮ್ಮ ಮೈಸೂರಾಗ ನಿಲ್ಸಿಕೊಳ್ರಿ" ಎಂದರು. ಯಂತ್ರ ನಡೆಸುವ ಹೊನ್ನೂರಮ್ಮ ದಿನಾ ಸಿರಿಗೇರಿಯಿಂದ ಬಸ್ಸಿನಲ್ಲಿ ಬರುವಾಕೆ. ದಿನಕ್ಕಿಷ್ಟು ಬೋರ್ಡು ಎಂಬ ಲೆಕ್ಕ ಮುಗಿಯದೆ ಹೊರಡುವಂತಿಲ್ಲ. "ನಿಮಗೇನ್ರಿ, ರೂಮು ಇಲ್ಲೇ ಐತಿ. ಬಸ್ ತಪ್ಪಿದ್ರ ನಾನು ಸಿರಿಗೇರಿಗೆ ನಡಕೊಂತ ಹೋಗ್ಲೇನು?" ಎಂದು ಕೇಳಿದರು. ಆದರೂ ಮಿತಿ ಸಡಿಲಿಸಲಿಲ್ಲ. ವಾಪಸು ಬರುವ ಚೀಲಗಳು ಕಡಿಮೆಯಾಗತೊಡಗಿದ್ದವು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ತಂಗಿಯ ನಿಶ್ಚಿತಾರ್ಥಕ್ಕೆ ಮೈಸೂರಿಗೆ ಹೋದೆ. ನನ್ನ ಮಂಚದ ಮೇಲೆ ಪಾತ್ರೆಯ ಪೆಟ್ಟಿಗೆಗಳು ಕೂತಿದ್ದವು. ಅಡುಗೆಯವರನ್ನು ಊಟಕ್ಕೆ "ಬರ್ರಿ" ಎಂದು ಕರೆದುಬಿಟ್ಟೆ, ಮನೆಯವರೆಲ್ಲ ನಕ್ಕರು. ಸಾರು ಸಪ್ಪೆಯೆನಿಸಿತು. ಅಮ್ಮ ಬೀಗರಿಗೆ ನನ್ನನ್ನು ತೋರಿಸಿ, "ಇವಳು ಈಗ ಬಳ್ಳಾರಿಯವಳು" ಎಂದರು. ನನಗೆ ಅಳು ಬಂತು.

ವಾಪಸು ಬಂದ ದಿನ ಯಂತ್ರ ತಡೆಯಿಲ್ಲದೆ ಓಡುತ್ತಿತ್ತು. ಎಲ್ಲರ ಮುಖದಲ್ಲೂ ನಗು. ಎರ್ರಿಸ್ವಾಮಿ ನನಗೆಂದೇ ಒಗ್ಗರಣಿ ತರಿಸಿದರು. ಹೊನ್ನೂರಮ್ಮ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ತಂಗಿಗೆ ಎಂಥ ಸೀರೆ ಉಡಿಸಿದಿರಿ ಎಂದು ಕೇಳಿದರು. ಇಷ್ಟು ದಿನ ಸಿಗದಿದ್ದದ್ದೆಲ್ಲ ಒಂದೇ ಬೆಳಿಗ್ಗೆ ಸಿಕ್ಕಿತು. ಪರದೆಯ ಮೇಲೆ ನೋಡಿದೆ: ನಾನಿಲ್ಲದಾಗ ಹಳೆಯ ವಿವರವನ್ನೇ ಮತ್ತೆ ತುಂಬಿದ್ದರು. ಅದನ್ನು ಹಾಗೆಯೇ ಬಿಟ್ಟರೆ ಈ ನಗು, ಈ ಜಾಗ ನನ್ನವು. ಚೀಲಗಳು ಮತ್ತೆ ಬರುವವರೆಗಾದರೂ.

ಒಗ್ಗರಣಿ ಪೂರ್ತಿ ತಿಂದೆ. ಕೈ ತೊಳೆದು ಬಂದು ಯಂತ್ರ ನಿಲ್ಲಿಸಿ, ನನ್ನ ವಿವರವನ್ನು ಮರಳಿ ಹಾಕಿ, ಪಾಸ್‌ವರ್ಡ್ ಬದಲಿಸಿದೆ. ಮತ್ತೆ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಅದು ಕೂಗಿ ನಿಂತಿತು. ಎರ್ರಿಸ್ವಾಮಿ ಮಾಲೀಕರಿಗೆ ಹೇಳುತ್ತೇನೆಂದು ಬಾಗಿಲು ಬಡಿದು ಹೋದರು. ಹೇಳಿಕೊಳ್ಳಲಿ ಎಂದು ನಾನು ಯಂತ್ರದ ಮುಂದೆಯೇ ನಿಂತೆ.

ಹೊನ್ನೂರಮ್ಮ ನನ್ನ ಮುಖ ನೋಡಲಿಲ್ಲ. ಮೂತಿಗಳ ತಟ್ಟೆಯನ್ನು ಸದ್ದಾಗುವಂತೆ ಎಳೆದುಕೊಂಡು ತೊಳೆಯಲು ಕೂತರು. ಪಕ್ಕದವಳಿಗೆ ಹೇಳಿದರು, ತೆಲುಗಿನಲ್ಲಲ್ಲ, ನನಗೆ ಕೇಳಲೆಂದೇ ಕನ್ನಡದಲ್ಲಿ: "ಬಂದ್ಲು ನೋಡವ್ವ ನಮ್ಮಾಕಿ. ಇವತ್ತೂ ಬಸ್ ತಪ್ತು."

ಮೈಸೂರಿನಲ್ಲಿ ನನ್ನನ್ನು ಯಾರೂ ಇಷ್ಟು ಸಿಟ್ಟಿನಿಂದ ತಮ್ಮವಳೆಂದು ಕರೆದದ್ದಿಲ್ಲ.