ಕುಂಟುವವರ ತಂಡದ ಮೇಷ್ಟ್ರು

ನಂಜೇಗೌಡ ಮೇಷ್ಟ್ರು ನಮ್ಮ ಬೇಸ್‌ಬಾಲ್ ತಂಡವನ್ನು ಆರಿಸುತ್ತಿದ್ದದ್ದು ಕಾರ್ ಪಾರ್ಕಿನಲ್ಲಿ. ಶನಿವಾರ ಬೆಳಿಗ್ಗೆ ಬೇಲಿಗೆ ಒರಗಿ, ಫ್ಲಾಸ್ಕಿನ ಕಾಫಿ ಹೀರುತ್ತಾ, ನಾವು ಕಾರಿನಿಂದ ಇಳಿದು ಮೈದಾನದವರೆಗೆ ನಡೆದು ಬರುವುದನ್ನೇ ನೋಡುತ್ತಿದ್ದರು. ಯಾರು ಚೆನ್ನಾಗಿ ಆಡುತ್ತಾರೆ ಎಂಬುದು ಅವರಿಗೆ ಬೇಕಿರಲಿಲ್ಲ. ಹಾಗೆ ನೋಡಿದರೆ ಯಾರೂ ಚೆನ್ನಾಗಿ ಆಡುತ್ತಿರಲಿಲ್ಲ. ಯಾರು ಯಾವ ಕಾಲು ಎಳೆಯುತ್ತಿದ್ದಾರೆ, ಯಾರ ಭುಜ ಇಳಿದಿದೆ, ಕಾರಿನ ಬಾಗಿಲನ್ನು ಯಾರು ಎಡಗೈಯಲ್ಲಿ ಹಾಕಿದರು, ಇಷ್ಟು ನೋಡಿ ಜಾಗ ಹಂಚುತ್ತಿದ್ದರು.

"ನೀನು ಮಂಡಿ ನೋವಿನೋನು, ಫಸ್ಟ್ ಬೇಸಲ್ಲಿ ನಿಂತ್ಕೊ. ಬಂದಿದ್ದು ಹಿಡ್ಕೊ, ಸಾಕು. ನಿಂದು ಭುಜ ಹೋಗದೆ, ನೀನು ಸೆಕೆಂಡು, ದೂರ ಎಸೆಯೋ ಕೆಲ್ಸ ಇಲ್ಲ. ಲೇ, ನಿನ್ನ ಬೆರಳಿಗೇನ್ಲಾ ಆಯ್ತು? ಬಲಗಡೆ ಕೊನೇಗೆ ಹೋಗು. ಅಲ್ಲಿಗೆ ಬಾಲೂ ಬರಕ್ಕಿಲ್ಲ, ದೇವ್ರೂ ಬರಕ್ಕಿಲ್ಲ."

ಎರಡು ಸಾವಿರದ ಇಸವಿ ದಾಟಿದ ಮೇಲಿನ ಬರದ ವರ್ಷಗಳು ಅವು. ಮೆಲ್ಬರ್ನಿನಲ್ಲಿ ಮೈದಾನಕ್ಕೆ ನೀರು ಬಿಡಬಾರದೆಂದು ಕೌನ್ಸಿಲ್ ಆಜ್ಞೆ ಮಾಡಿತ್ತು. ನೆಲ ರಾಗಿ ಬಡಿಯುವ ಕಣದ ಹಾಗೆ ಗಟ್ಟಿಯಾಗಿತ್ತು. ಅದರ ಮೇಲೆ ಬಿದ್ದವನು ಎದ್ದರೆ ಅದೇ ದೊಡ್ಡ ಪುಣ್ಯ. ಚಳಿಗಾಲದಲ್ಲಿ ಇಲ್ಲಿ ಕ್ರಿಕೆಟ್ ಇಲ್ಲ. ಪಾಯಿಂಟ್ ಕುಕ್ ಬಡಾವಣೆಯ ಸುತ್ತಮುತ್ತಲಿನ ನಾವು ಒಂದಷ್ಟು ಕನ್ನಡದ ಹುಡುಗರು, ಕೆಲವರು ಐಟಿ, ಕೆಲವರು ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿಗೆ, ಇನ್ನೂ ಕಾಯುತ್ತಿದ್ದ ವಿದ್ಯಾರ್ಥಿಗಳು, ಕೈ ಕಟ್ಟಿ ಕೂರಲಾಗದೆ ಅಲ್ಲಿನ ಬೇಸ್‌ಬಾಲ್ ಕ್ಲಬ್ಬಿನ ಮೂರನೇ ತಂಡಕ್ಕೆ ಸೇರಿಕೊಂಡಿದ್ದೆವು. ಕ್ರಿಕೆಟ್ ಆಡಿದವರಿಗೆ ಇದೇನು ಮಹಾ ಎಂಬ ಕೊಬ್ಬು. ಆ ಕೊಬ್ಬು ಮೊದಲ ತಿಂಗಳಲ್ಲೇ ಕರಗಿತು.

ಮೇಷ್ಟ್ರು ಬಂದದ್ದು ಸರೋಜಕ್ಕನ ವೀಸಾದ ಮೇಲೆ. ಅವರ ಹೆಂಡತಿ ಸರೋಜಕ್ಕ ನರ್ಸು. ಆಸ್ಪತ್ರೆ ಆಕೆಯನ್ನು ಕರೆಸಿಕೊಂಡಿತು, ಮೇಷ್ಟ್ರು ಜೊತೆಗೆ ಬಂದರು. ಮದ್ದೂರಿನ ಹತ್ತಿರ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ, ಕಬಡ್ಡಿ ತಂಡಗಳನ್ನು ಕಟ್ಟಿ, ಸೀಟಿ ಊದಿದರೆ ಇಡೀ ಊರು ತಿರುಗಿ ನೋಡುತ್ತಿದ್ದ ಮನುಷ್ಯ ಇಲ್ಲಿ ಟ್ರುಗನಿನಾ ಎಂಬಲ್ಲಿನ ವೇರ್‌ಹೌಸಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದರು. ಅಲ್ಲಿ ಎಲ್ಲರೂ ಅವರನ್ನು 'ನ್ಯಾನ್' ಎನ್ನುತ್ತಿದ್ದರು. ನ್ಯಾನ್ ಎಂದರೆ ಇಲ್ಲಿನವರಿಗೆ ಅಜ್ಜಿ. ನಾವು ಮಾತ್ರ ಮೇಷ್ಟ್ರೇ ಎನ್ನುತ್ತಿದ್ದೆವು. ಬೇಸ್‌ಬಾಲ್ ಅವರು ಜನ್ಮದಲ್ಲಿ ಕಂಡವರಲ್ಲ, ಆದರೂ ತಂಡದ ಕೋಚ್ ಆದರು. ಸಮಯಕ್ಕೆ ಸರಿಯಾಗಿ ಬರುತ್ತಿದ್ದವರು ಅವರೊಬ್ಬರೇ.

ಔಷಧವೂ ಅವರದೇ. ಹರಳೆಣ್ಣೆ ಬಿಸಿ ಮಾಡಿ ಬಾಟಲಿಯಲ್ಲಿ ತರುತ್ತಿದ್ದರು, ಅರಿಶಿನದ ಪಟ್ಟು ಡಬ್ಬಿಯಲ್ಲಿ. ಒಂದು ಸೀಸನ್ ಮುಗಿಯುವಷ್ಟರಲ್ಲಿ ನಮ್ಮ ಬಿಳಿ ಜೆರ್ಸಿಗಳೆಲ್ಲ ಅಲ್ಲಲ್ಲಿ ಹಳದಿಯಾಗಿ, ಎದುರು ತಂಡದವನೊಬ್ಬ ಇದೇ ನಿಮ್ಮ ಕ್ಲಬ್ಬಿನ ಬಣ್ಣವಾ ಎಂದು ಕೇಳಿದ್ದ. ಸರೋಜಕ್ಕ ಬಂದ ದಿನ ಇಬ್ಬರಿಗೂ ಜಟಾಪಟಿ.

"ಐಸ್ ಇಡ್ರೋ. ಇವರ ಮಾತು ಕೇಳಿ ಮದುವಣಿಗರ ಥರ ಅರಿಶಿನ ಮೆತ್ಕೊಂಡು ಕೂತಿದೀರಲ್ಲ, ಬುದ್ಧಿ ಬೇಡ್ವಾ?"

"ನೀನು ಆಸ್ಪತ್ರೇಲಿ ಇಡು ಐಸು. ಇದು ನನ್ನ ವಾರ್ಡು," ಎನ್ನುತ್ತಿದ್ದರು ಮೇಷ್ಟ್ರು. ನಾವು ಅಕ್ಕ ಇರುವಷ್ಟು ಹೊತ್ತು ಐಸ್ ಇಟ್ಟುಕೊಂಡು, ಆಕೆ ಹೋದ ಮೇಲೆ ಪಟ್ಟು ಹಾಕಿಸಿಕೊಳ್ಳುತ್ತಿದ್ದೆವು.

ಅವರ ತಲೆಯೊಳಗೆ ಎಲ್ಲ ಆಟವೂ ಕಬಡ್ಡಿಯೇ. ನಾನು ತಂಡದ ಪಿಚರ್, ಅಂದರೆ ಬಾಲ್ ಎಸೆಯುವವನು. ಒಂದು ಪಂದ್ಯದಲ್ಲಿ ಭುಜ ಹಿಡಿದುಕೊಂಡಿತು. "ಬಾರ್ಲಾ, ಸ್ವಲ್ಪ ಸುಧಾರಿಸ್ಕೊ," ಎಂದು ನನ್ನನ್ನು ಹೊರಗೆ ಕರೆದು, ಕಾದಿದ್ದ ಒಬ್ಬನೇ ಹೆಚ್ಚುವರಿ ಹುಡುಗನನ್ನು ಒಳಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಮಂಗಳೂರಿನ ಜೋಸೆಫನ ಬೆರಳು ಮುರಿಯಿತು. ಮೇಷ್ಟ್ರು ನನ್ನ ಬೆನ್ನು ತಟ್ಟಿ, ಹೋಗು ಎಂದರು. ಅಂಪೈರ್ ತಡೆದ. ಬೇಸ್‌ಬಾಲಿನಲ್ಲಿ ಒಮ್ಮೆ ಹೊರಗೆ ಬಂದವನು ಆ ದಿನ ಮತ್ತೆ ಒಳಗೆ ಹೋಗುವಂತಿಲ್ಲ. ಮೇಷ್ಟ್ರು ಬಿಡುತ್ತಾರೆಯೇ? ಎದುರು ತಂಡದ ಮೂವರು ಆಗಷ್ಟೇ ಔಟಾಗಿದ್ದರು. ಕಬಡ್ಡಿಯಲ್ಲಾದರೆ ಎದುರಿನವನು ಔಟಾದಾಗ ನಮ್ಮಲ್ಲಿ ಹೊರಗಿದ್ದವನೊಬ್ಬ ಮತ್ತೆ ಒಳಗೆ ಬರಬಹುದು. "ಥ್ರೀ ಆಫ್ ದೆಮ್ ಡೆಡ್. ಸೋ ಒನ್ ಆಫ್ ಮೈನ್ ಅಲೈವ್," ಎಂದು ಬೆರಳು ಮಡಚಿ ವಾದಿಸಿದರು. ಅಂಪೈರ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಒಂಬತ್ತು ಬೇಕಾದಲ್ಲಿ ನಮ್ಮಲ್ಲಿ ಎಂಟೇ ಜನ ಉಳಿದಿದ್ದರಿಂದ ಆಟವನ್ನು ಎದುರು ತಂಡಕ್ಕೆ ಬಿಟ್ಟುಕೊಡಬೇಕಾಯಿತು.

ಹಾಗೆ ಜನ ಸಾಲದೆ ಬಿಟ್ಟುಕೊಟ್ಟದ್ದು ಆ ಸೀಸನ್ನಿನಲ್ಲಿ ಎರಡನೇ ಸಲ. ಕ್ಲಬ್ಬಿನ ಸೆಕ್ರೆಟರಿ ಗ್ಲೆನ್ ಒಳ್ಳೆಯವನೇ, ಆದರೆ ಖಡಾಖಂಡಿತ ಹೇಳಿಬಿಟ್ಟ: ಇನ್ನೊಮ್ಮೆ ಒಂಬತ್ತು ಜನ ಇಲ್ಲದೆ ಹೋದರೆ ಮೂರನೇ ತಂಡವನ್ನು ಮುಚ್ಚುತ್ತೇವೆ. ಅದೇ ಹೊತ್ತಿಗೆ ಸರೋಜಕ್ಕನಿಗೆ ಸಿಡ್ನಿಯ ಆಸ್ಪತ್ರೆಯಲ್ಲಿ ದೊಡ್ಡ ಕೆಲಸ ಸಿಕ್ಕಿತು. ಮೇಷ್ಟ್ರು ಹೆಂಡತಿಯನ್ನು ಏರ್‌ಪೋರ್ಟಿಗೆ ಬಿಟ್ಟು, ಮನೆ ಖಾಲಿ ಮಾಡಿ, ಸೀಸನ್ ಮುಗಿಯುವವರೆಗೆ ಎಂದು ಹಾಸಿಗೆ ಸುತ್ತಿಕೊಂಡು ನಾವು ಹುಡುಗರು ಕೂಡಿ ಬಾಡಿಗೆಗಿದ್ದ ಮನೆಗೇ ಬಂದರು. ಬೇಸ್‌ಬಾಲಿಗಾಗಿ ಹೆಂಡತಿಯನ್ನು ಬಿಟ್ಟ ಕನ್ನಡಿಗ ನೀವೊಬ್ಬರೇ ಇರಬೇಕು ಎಂದು ನಾನು ರೇಗಿಸಿದೆ.

"ನಗ್ಲಾ, ನಗು. ಅಲ್ಲಿಗೆ ಹೋದ್ರೆ ನಾನು ಸರೋಜನ ಗಂಡ. ವೇರ್‌ಹೌಸಲ್ಲಿ ನಾನು ಅಜ್ಜಿ. ಶನಿವಾರ ಬೆಳಗ್ಗೆ ಒಂದೇ ಕಣ್ಲಾ ನಾನು ಮೇಷ್ಟ್ರು ಆಗಿರೋದು. ಈ ಟೀಮ್ ಹೋದ್ರೆ ಅದೂ ಹೋಯ್ತದೆ."

ಕೊನೆಯ ಪಂದ್ಯದ ದಿನ ಕಾರ್ ಪಾರ್ಕಿನಿಂದ ನಾವು ಬಂದ ಚೆಂದ ನೋಡಬೇಕಿತ್ತು. ಮಾರಿಜಾತ್ರೆಯಲ್ಲಿ ಪೆಟ್ಟು ತಿಂದು ಬಂದವರ ಹಾಗೆ ಒಂಬತ್ತು ಜನ. ಎಲ್ಲರಿಗಿಂತ ಕಡೆಗೆ ದಾವಣಗೆರೆಯ ಸೂರಿ, ಮಂಡಿ ಊದಿ ಕುಂಬಳಕಾಯಿ. ಪ್ಯಾಂಟು ಮೇಲೆತ್ತಿ ಮುಟ್ಟಿ ನೋಡಿದ ಮೇಷ್ಟ್ರು, ನೀನು ಆಡೋದು ಬೇಡ ಎಂದರು.

"ಮೇಷ್ಟ್ರೇ, ಏನೂ ಆಗಲ್ರೀ, ಸುಮ್ನೆ ನಿಂತಿರ್ತೀನಿ. ನಾನಿಲ್ಲ ಅಂದ್ರ ಎಂಟೇ ಮಂದಿ. ಟೀಮ್ ಹೊಕ್ಕೇತಿ."

"ಹೋಗ್ಲಿ. ಟೀಮ್ ಇನ್ನೊಂದ್ ಕಟ್ಬೋದು. ಮಂಡಿ ಎಲ್ಲಿಂದ್ಲಾ ತತ್ತೀಯ? ಕೂತ್ಕೊ."

ಆ ತಂಡ ಅವರಿಗೆ ಏನೆಂದು ನನಗೆ ಗೊತ್ತಿತ್ತು. ಮೇಷ್ಟ್ರು ಬೆರಳು ಮಡಚಿ ಉಳಿದವರನ್ನು ಎಣಿಸಿದರು, ಎಂಟು. ಆಮೇಲೆ ಸೂರಿಯ ಜೆರ್ಸಿ ಬಿಚ್ಚಿಸಿ ತಾವೇ ತೊಟ್ಟುಕೊಂಡರು. ಅದು ಹೊಟ್ಟೆಯ ಮೇಲೆ ನಿಂತುಬಿಟ್ಟಿತು. ಕಾಲಲ್ಲಿ ವೇರ್‌ಹೌಸಿನ ಬೂಟು, ವಯಸ್ಸು ಐವತ್ತು. ಅವರ ಹೆಸರೂ ಕ್ಲಬ್ಬಿನಲ್ಲಿ ನೋಂದಣಿಯಾಗಿದ್ದದ್ದು ನಮ್ಮ ಅದೃಷ್ಟ.

ಬ್ಯಾಟ್ ಹಿಡಿದು ನಿಂತವರಿಗೆ ಬಾಲ್ ನೇರವಾಗಿ ಪಕ್ಕೆಗೆ ಬಿತ್ತು. ಮೈಗೆ ಬಾಲ್ ತಾಗಿದರೆ ಓಡಿ ಮುಟ್ಟಬೇಕಾದ ಮೊದಲ ನೆಲೆ, ಫಸ್ಟ್ ಬೇಸ್, ಪುಕ್ಕಟೆ. ಪಕ್ಕೆ ಹಿಡಿದುಕೊಂಡೇ ನಡೆದು ಹೋಗಿ ನಿಂತರು. ಮುಂದಿನ ಬಾಲಿಗೆ, ಯಾರೂ ಹೇಳದೆ, ತಲೆ ತಗ್ಗಿಸಿ ಸೆಕೆಂಡ್ ಬೇಸಿನತ್ತ ನುಗ್ಗಿದರು. ಬಾಯಲ್ಲಿ ಒಂದೇ ಉಸಿರಿಗೆ ಕಬಡ್ಡಿ ಕಬಡ್ಡಿ ಕಬಡ್ಡಿ. ಎದುರು ತಂಡ ಬೆಪ್ಪಾಗಿ ನಿಂತಿತು. ಮೇಷ್ಟ್ರು ಬಗ್ಗಿ ಸೆಕೆಂಡ್ ಬೇಸನ್ನು ಕೈಯಿಂದ ಮುಟ್ಟಿದರು, ತಿರುಗಿದರು, ಬಂದ ದಾರಿಯಲ್ಲೇ ಓಡಿ ಫಸ್ಟ್ ಬೇಸಿಗೆ ವಾಪಸ್ ಬಂದು ತೊಡೆ ತಟ್ಟಿದರು. ಅಂಪೈರ್ ಕೈಯಗಲಿಸಿ ಸೇಫ್ ಎಂದ. ಬೇರೇನು ಹೇಳುವುದೆಂದು ಅವನಿಗೂ ತೋಚಿರಲಿಕ್ಕಿಲ್ಲ.

"ಸೆಕೆಂಡ್ ಬೇಸಲ್ಲೇ ಇರ್ಬೇಕಿತ್ತು ಮೇಷ್ಟ್ರೇ, ಇಲ್ಲಿ ಮುಂದಕ್ಕೆ ಓಡೋದು, ಹಿಂದಕ್ಕಲ್ಲ," ಎಂದೆ ಆಮೇಲೆ.

"ಮುಟ್ಟಿ ವಾಪಸ್ ಬರ್ದಿದ್ರೆ ಪಾಯಿಂಟು ಎಲ್ಲಿಂದ ಬತ್ತದ್ಲಾ?"

ಪಂದ್ಯವನ್ನು ಹೀನಾಯವಾಗಿ ಸೋತೆವು. ಆದರೆ ಆಡಿ ಸೋತೆವು, ಒಂಬತ್ತು ಜನ, ಕೊನೆಯವರೆಗೆ. ಗ್ಲೆನ್ ಬಂದು ಮೇಷ್ಟ್ರ ಕೈ ಕುಲುಕಿ, ಮುಂದಿನ ವರ್ಷವೂ ತಂಡ ಇರುತ್ತದೆ ಎಂದ. ಬಿರುಕು ಬಿಟ್ಟ ಪಕ್ಕೆಲುಬಿಗೆ ಅರಿಶಿನ ಹಚ್ಚಿಕೊಂಡು ಮರುವಾರ ಅವರು ಸಿಡ್ನಿಗೆ ಹೋದರು.

ಮುಂದಿನ ಚಳಿಗಾಲದ ಮಧ್ಯೆ ನನಗೆ ಸಿಡ್ನಿಯಲ್ಲಿ ಆಫೀಸ್ ಕೆಲಸ ಬಿತ್ತು. ವೆಂಟ್‌ವರ್ತ್‌ವಿಲ್‌ನ ಅವರ ಫ್ಲ್ಯಾಟಿಗೆ ಹೋದೆ. ಸರೋಜಕ್ಕ ಡ್ಯೂಟಿಗೆ ಹೋಗಿದ್ದರು. ಮೇಷ್ಟ್ರು ಸಣ್ಣಗಾಗಿದ್ದರು. ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಾ, ಬಾಗಿಲಲ್ಲಿ ನಿಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಟೀಮ್ ಹೆಂಗದೆ ಎಂದರು.

"ಇಲ್ಲ ಮೇಷ್ಟ್ರೇ. ಮುಚ್ಚಿದ್ರು. ಮೊದಲನೇ ಶನಿವಾರವೇ ಆರೇ ಜನ ಬಂದಿದ್ದು."

ಅವರ ಕೈ ನಿಂತಿತು. "ಯಾರ್‍ಯಾರಿಗೆ ಏನೇನಾಗಿತ್ತು?"

"ಯಾರಿಗೂ ಏನೂ ಆಗಿರ್ಲಿಲ್ಲ. ಎಲ್ರೂ ಚೆನ್ನಾಗೇ ಇದ್ರು. ಒಬ್ಬಂದು ಗೃಹಪ್ರವೇಶ, ಇನ್ನೊಬ್ಬನಿಗೆ ನಿದ್ದೆ. ಬರ್ಲಿಲ್ಲ ಅಷ್ಟೇ."

ಮೇಷ್ಟ್ರು ಒಲೆ ಆರಿಸಿದರು. ಮುದ್ದೆಯನ್ನು ಮರದ ಹಲಗೆಗೆ ಸುರಿದು, ಕೈ ಒದ್ದೆ ಮಾಡಿಕೊಂಡು, ನಿಧಾನವಾಗಿ ಉಂಡೆ ಕಟ್ಟಿದರು.

"ಹಂಗಾದ್ರೆ ಅದು ವಾಸಿ ಆಗಕ್ಕಿಲ್ಲ ಬುಡು," ಎಂದರು. "ಕೂತ್ಕೊ, ಉಣ್ಣು."