ಎಡಗೈಯ ಜೋಮು

ನಾನು ದನದ ಡಾಕ್ಟರು. ಮನೆ ಮತ್ತಿಕೆರೆಯಲ್ಲಿ, ಕೆಲಸ ರಾಜಾನುಕುಂಟೆ ಕಡೆಯ ಹಳ್ಳಿಗಳಲ್ಲಿ. ಹಸು ಗಬ್ಬವಾಗಿದೆಯೋ ಇಲ್ಲವೋ ಎಂದು ನಾವು ಕೈಹಾಕಿಯೇ ನೋಡುತ್ತೇವೆ. ಎಡಗೈಗೆ ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸು ಏರಿಸಿ, ಹಿಂದಿನಿಂದ ಕೈಬಿಟ್ಟು, ಗರ್ಭಕೋಶಕ್ಕೆ ಹೋಗುವ ರಕ್ತನಾಳವನ್ನು ಹುಡುಕಬೇಕು. ನಾಲ್ಕು ತಿಂಗಳ ಗಬ್ಬವಾಗಿದ್ದರೆ ಆ ನಾಳ ಬೆರಳ ತುದಿಗೆ ಗುಂಯ್ ಎನ್ನುತ್ತದೆ. ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಇಷ್ಟು ವರ್ಷ ನನಗೆ ಅನ್ನ ಹಾಕಿದ್ದು ಆ ಬೆರಳುಗಳೇ.

ನಲವತ್ತು ದಾಟಿದ ಮೇಲೆ ನನಗೆ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯುವ ಡೈವಿಂಗ್ ಹುಚ್ಚು ಹಿಡಿಯಿತು. ಯಲಹಂಕದ ಈಜುಕೊಳವೊಂದರಲ್ಲಿ ಕಲಿತೆ. ಕಲಿಸುವವರು ಎರಡು ಮಾತನ್ನು ಬಿಡದೆ ಹೇಳುತ್ತಿದ್ದರು. "ನೀರೊಳಗೆ ಉಸಿರು ಹಿಡ್ಕೋಬೇಡಿ ಮೇಡಂ, ಶ್ವಾಸಕೋಶ ಹರಿದ್ಹೋಗತ್ತೆ. ಡೈವ್ ಮುಗಿದ್ಮೇಲೆ ಒಂದಿನ ಫ್ಲೈಟ್ ಹತ್ಬೇಡಿ." ಫ್ಲೈಟು ಹತ್ತುವ ಮುಖವೇ ಇದು ಎಂದು ನಕ್ಕಿದ್ದೆ.

ಕರಾವಳಿಯಲ್ಲಿ ಒಂದೇ ದಿನ ಮೂರು ಸಲ ಆಳಕ್ಕಿಳಿದು, ಸಂಜೆಯ ಬಸ್ಸು ಹಿಡಿದು ಘಟ್ಟ ಹತ್ತಿದೆ. ಮರುದಿನ ಡ್ಯೂಟಿ ಇತ್ತಲ್ಲ. ಯಶವಂತಪುರದಲ್ಲಿ ಇಳಿಯುವಾಗ ಎಡಗೈ ಜೋಮು ಹಿಡಿದಿತ್ತು. ಮಡಚಿಕೊಂಡು ಮಲಗಿದ್ದಕ್ಕಿರಬೇಕು ಎಂದುಕೊಂಡೆ. ನಾಲ್ಕೈದು ದಿನ ಹಾಗೆಯೇ ಎಂದುಕೊಂಡೆ.

ಆಸ್ಪತ್ರೆಯ ಡಾಕ್ಟರು ಕೇಳಿ ತಲೆ ಚಚ್ಚಿಕೊಂಡರು. "ಫ್ಲೈಟ್ ಹತ್ಬೇಡಿ ಅಂದ್ರೆ ಎತ್ತರಕ್ಕೆ ಹೋಗ್ಬೇಡಿ ಅಂತ ಕಣ್ರೀ. ಬೆಂಗ್ಳೂರು ಎಲ್ಲಿದೆ? ಘಟ್ಟದ ಮೇಲೆ ತಾನೇ?"

ಹುಟ್ಟಿದಾಗಿನಿಂದ ಇಲ್ಲೇ ಇರುವವರಿಗೆ ಇದು ಎತ್ತರ ಎಂದು ನೆನಪಿರುತ್ತದೆಯೇ? ಆಳದ ಒತ್ತಡಕ್ಕೆ ಉಸಿರಿನ ನೈಟ್ರೋಜನ್ ಮೈಯಲ್ಲಿ ಕರಗಿ ಕೂರುತ್ತದಂತೆ. ಮೇಲೆ ಬಂದ ಬಳಿಕ ನಿಧಾನವಾಗಿ ಉಸಿರಿನಲ್ಲೇ ಹೊರಹೋಗಬೇಕು. ಅದಕ್ಕೆ ಸಮಯ ಕೊಡದೆ ಇನ್ನೂ ಮೇಲಕ್ಕೆ ಹೋದರೆ, ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆಯೇಳುತ್ತದೆ. ನನ್ನ ಗುಳ್ಳೆಗಳು ಕೈಯ ನರಗಳಿಗೆ ಪೆಟ್ಟು ಕೊಟ್ಟಿದ್ದವು. ಹೊಟ್ಟೆಯುಬ್ಬಿದ ದನಗಳ ಗ್ಯಾಸು ಬಿಡಿಸಿ ಸಂಬಳ ತಿಂದವಳಿಗೆ ತನ್ನ ಮೈಯ ಗ್ಯಾಸು ತಿಳಿಯಲಿಲ್ಲ.

ಉಕ್ಕಿನ ಕೋಣೆಯೊಂದರಲ್ಲಿ ಮಲಗಿಸಿ, ಒತ್ತಡ ಏರಿಸಿ, ಆಕ್ಸಿಜನ್ ಕೊಟ್ಟರು. "ಬೇಗ ಬರ್ಬೇಕಿತ್ತು" ಎಂದರು. ಕೈಗೆ ಬಲ ಬಂತು. ಬೆರಳುಗಳಿಗೆ ಸ್ಪರ್ಶ ಮಾತ್ರ ಮರಳಲಿಲ್ಲ. ಆಗಾಗ ತಮ್ಮಷ್ಟಕ್ಕೆ ಜುಮುಜುಮು ಎನ್ನುತ್ತಿದ್ದವು. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಮನಸ್ಸಿಗೂ ಯಾರೋ ಗ್ಲೌಸು ಹಾಕಿದ ಹಾಗಿತ್ತು.

ರಜೆ ಮುಗಿಸಿ ಮೊದಲು ಹೋದದ್ದು ರಾಜಾನುಕುಂಟೆಯಾಚೆಯ ಒಬ್ಬ ಅಜ್ಜಿಯ ಕೊಟ್ಟಿಗೆಗೆ. ಗಬ್ಬ ನಿಲ್ಲದೆ ಸತಾಯಿಸಿದ್ದ ಅವಳ ಹಸುವಿಗೆ ನಾಲ್ಕು ತಿಂಗಳ ಹಿಂದೆ ನಾನೇ ಕೃತಕ ಗರ್ಭಧಾರಣೆ ಮಾಡಿದ್ದೆ. ಇವತ್ತು ಕೈ ಏನೂ ಹೇಳದಿದ್ದರೆ ಈ ಕೆಲಸ ಬಿಟ್ಟು ಕಚೇರಿಯಲ್ಲಿ ಕೂರುವುದೇ ಸರಿ ಎಂದು ನಿರ್ಧರಿಸಿ ಕೈ ಒಳಗೆ ಬಿಟ್ಟೆ. ಅಭ್ಯಾಸಬಲದಿಂದ ಜಾಗ ಸಿಕ್ಕಿತು ಎನಿಸಿತು. ಕಾದೆ. ಗುಂಯ್ ಎಂದಿತು!

"ಗಬ್ಬ ಆಗಿದೆ ಅಜ್ಜಿ!" ಎಂದು ಕೂಗಿಯೇಬಿಟ್ಟೆ. ಎಷ್ಟೋ ವಾರಗಳ ಮೇಲೆ ಸಂತೋಷವಾಯಿತು.

"ನಿನ್ ಕೈಗುಣ ಕಣವ್ವ. ಅಂಗಂತ ಎಲ್ರಿಗೂ ಏಳ್ತಿದ್ದೆ" ಎಂದು ಅಜ್ಜಿ ಬೆಲ್ಲ ತರಲು ಒಳಗೆ ಹೋದಳು.

ಗ್ಲೌಸು ಬಿಚ್ಚಿ ಬಕೆಟ್ಟಿನಲ್ಲಿ ಕೈ ತೊಳೆದೆ. ಗುಂಯ್ ನಿಲ್ಲಲಿಲ್ಲ. ಕೊಟ್ಟಿಗೆಯ ಕಲ್ಲುಕಂಬವನ್ನು ಮುಟ್ಟಿದೆ. ಅದೂ ಗಬ್ಬವಾಗಿತ್ತು. ನಾನು ಕೇಳಿಸಿಕೊಂಡದ್ದು ಹಸುವಿನ ನಾಳವನ್ನಲ್ಲ, ನನ್ನದೇ ಕೆಟ್ಟ ನರವನ್ನು.

ಅಜ್ಜಿ ಬೆಲ್ಲ ಹಿಡಿದು ಬಂದಳು.

"ತಪ್ಪಾಯ್ತು ಅಜ್ಜಿ. ನಂಗೆ ಗೊತ್ತಾಗ್ಲಿಲ್ಲ, ಸುಮ್ನೆ ಹೇಳ್ಬಿಟ್ಟೆ. ಕೈ ಜೋಮು ಹಿಡಿದಿದೆ. ಬೇರೆ ಡಾಕ್ಟ್ರನ್ನ ಕಳಿಸ್ತೀನಿ."

ಅವಳು ಹಸುವಿನ ಕಡೆ ಒಮ್ಮೆ ನೋಡಿದಳು. ಬೆಲ್ಲವನ್ನು ನನ್ನ ಬಲಗೈಯಲ್ಲಿಟ್ಟು, ಎಡಗೈ ಎಳೆದುಕೊಂಡು ಒಂದೊಂದೇ ಬೆರಳನ್ನು ತಿಕ್ಕತೊಡಗಿದಳು.

"ಈಗ ಗೊತ್ತಾಯ್ತೈತಾ ಮಗ?"

"ಇಲ್ಲ ಅಜ್ಜಿ."

"ಈಗ?"

ಅವಳ ಒರಟು ಹೆಬ್ಬೆರಳು ನನ್ನ ಅಂಗೈ ಮೇಲೆ ಓಡಾಡುವುದನ್ನು ನೋಡುತ್ತಾ ನಿಂತಿದ್ದೆ. ಇಲ್ಲ ಎನ್ನಲು ಬಾಯಿ ತೆರೆದೆ, ಅಳು ಬಂತು.